ಕಾಕಾನ ಕತ್ತರಿ ಬದಲಾದದ್ದು

ನಮ್ಮ ಕಾಕಾ ಮನಸ್ಸು ಮಾಡಿದರೆ ಅಕ್ಕಲಕೋಟ ತಾಲೂಕಿನ ಯಾವ ಬೀಗನನ್ನಾದರೂ ಮದುವೆಗೆ ಬಂದೇ ಇರಲಿಲ್ಲ ಎಂದು ಸಾಬೀತು ಮಾಡಬಲ್ಲ! ಬಾರದೇ ಇದ್ದವನನ್ನು ಬಂದಿದ್ದ ಎಂದೂ ಸಾಬೀತು ಮಾಡಬಲ್ಲ. ಅವನಿಗೆ ಸಾಕ್ಷಿ ಬೇಡ, ವಕೀಲ ಬೇಡ. ಒಂದು ಕಂಪ್ಯೂಟರು, ಒಂದು ಕಪ್ ಚಹಾ, ಅರ್ಧ ತಾಸು ಬಿಡುವು ಕೊಟ್ಟರೆ ಸಾಕು.

ಸುಳ್ಳಲ್ಲ. ಕುರನೂರಿನ ಒಂದು ಮದುವೆಯಲ್ಲಿ ವರನ ಭಾವ ಯಾವುದೋ ಮಾತಿಗೆ ಮುನಿಸಿಕೊಂಡು ಅಕ್ಷತೆಯ ಹೊತ್ತಿಗೆ ಮಂಟಪದ ಹೊರಗೆ ಬೇವಿನ ಮರದ ಕೆಳಗೆ ಕೂತುಬಿಟ್ಟಿದ್ದ. ಎರಡು ಮನೆಗಳ ನಡುವೆ ಮಾತು ನಿಂತುಹೋಯಿತು. ಕಾಕಾ ಏನು ಮಾಡಿದ ಗೊತ್ತೇ? ನಿಶ್ಚಿತಾರ್ಥದ ವಿಡಿಯೋದಿಂದ ಅದೇ ಭಾವನನ್ನು ಎತ್ತಿ ತಂದು, ಅಕ್ಷತೆ ಹಾಕುವವರ ನಡುವೆ ನಿಲ್ಲಿಸಿಬಿಟ್ಟ. ವಿಡಿಯೋ ನೋಡಿದ ಬೀಗರು, "ಅಯ್ಯ, ಬಂದಿದ್ನಲ್ಲ! ನಾವ ತಪ್ಪು ತಿಳ್ಕೊಂಡಿವಿ" ಎಂದು ರಾಜಿಯಾದರು. ಭಾವನಿಗೂ ತಾನು ಒಳಗೆ ಹೋಗಿದ್ದೆ ಎಂದೇ ನೆನಪಾಗತೊಡಗಿತು! ವಿಡಿಯೋದಲ್ಲಿ ಅವನ ಅಂಗಿಯ ಬಣ್ಣ ಒಂದು ನಿಮಿಷ ಹಸಿರಾಗಿ ಮತ್ತೆ ಬಿಳಿಯಾದದ್ದನ್ನು ಮಾತ್ರ ಇವತ್ತಿನವರೆಗೂ ಯಾರೂ ಕೇಳಿಲ್ಲ.

ಕಾಕಾ ಅಂದರೆ ನಮ್ಮಪ್ಪನ ಖಾಸಾ ತಮ್ಮ. ಅಕ್ಕಲಕೋಟದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನದೊಂದು ಚಿಕ್ಕ ವಿಡಿಯೋ ಅಂಗಡಿ. ಮದುವೆ, ತೊಟ್ಟಿಲು, ಸೀಮಂತ, ಯಾವುದಿದ್ದರೂ ಶೂಟಿಂಗ್ ಮಾಡುವವನೂ ಅವನೇ, ಕತ್ತರಿಸಿ ಜೋಡಿಸುವವನೂ ಅವನೇ. ಕತ್ತರಿಸುವ ಚಟ ಎಷ್ಟರಮಟ್ಟಿಗೆ ಹತ್ತಿದೆ ಎಂದರೆ, ಮನೆಯಲ್ಲಿ ಯಾರಾದರೂ ಮಾತು ಉದ್ದ ಮಾಡಿದರೆ ಗಾಳಿಯಲ್ಲಿ ಎರಡು ಬೆರಳು ಆಡಿಸುತ್ತಾನೆ. ಸತ್ತವರ ಮನೆಗೆ ಹೋದರೂ ಅವನ ಕಣ್ಣು ಮೊದಲು ಹೋಗುವುದು ಕಿಟಕಿಯ ಕಡೆಗೆ, ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು!

ನಾನು ಸೊಲ್ಲಾಪುರದ ಒಂದು ಕನ್ನಡ ಶಾಲೆಯಲ್ಲಿ ಮಾಸ್ತರಕಿ ಮಾಡುವವಳು. ರವಿವಾರ ಬಂತೆಂದರೆ ಕಾಕಾನ ಮನೆಗೆ ಹೋಗುವುದು ರೂಢಿ. ಹೋದಾಗಲೆಲ್ಲ ಅವನ ಇಂಗ್ಲಿಷ್ ಕಾಗದ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಹಾಗಾಗಿಯೇ ಅವನ ಬದುಕಿನ ಆ ದೊಡ್ಡ ಅಪಘಾತಕ್ಕೆ ನಾನು ಪ್ರತ್ಯಕ್ಷ ಸಾಕ್ಷಿಯಾದೆ.

ಕಾಕಾ ವರ್ಷಗಟ್ಟಲೆ ಒಂದೇ ಎಡಿಟಿಂಗ್ ಸಾಫ್ಟ್‌ವೇರ್ ಬಳಸಿದವನು. ಅವನ ಕೀಬೋರ್ಡಿನ ಮೇಲೆ ಅಕ್ಷರಗಳೇ ಉಳಿದಿರಲಿಲ್ಲ. ಎಲ್ಲ ಗುಂಡಿಗಳೂ ಸವೆದು ಬಿಳಿ ಗೋಲಿಗಳಂತಾಗಿದ್ದವು. ಆದರೆ ಅವನ ಎಡಗೈಗೆ ಕಣ್ಣಿತ್ತು. ನಮ್ಮ ಕಾಕು, ಅಂದರೆ ಅವನ ಹೆಂಡತಿ, ಕತ್ತಲಲ್ಲಿ ಸಾಸಿವೆ ಡಬ್ಬಿ ಹುಡುಕುವಷ್ಟೇ ಸಲೀಸಾಗಿ ಇವನು ಆ ಗುಂಡಿಗಳನ್ನು ಒತ್ತುತ್ತಿದ್ದ. ಪ್ರತಿ ಕತ್ತರಿಗೊಮ್ಮೆ "ಶಿವಾ" ಎಂದು ಸೇವ್ ಒತ್ತುವುದು ಅವನ ಜಪ. ಎರಡು ತಾಸಿನ ಮದುವೆ ಮುಗಿಯುವುದರೊಳಗೆ ಶಿವನಾಮ ಸಾವಿರ ದಾಟುತ್ತಿತ್ತು. ಅಷ್ಟು ಪುಣ್ಯ ಊರಿನ ಪೂಜಾರಿಗೂ ಇರಲಿಕ್ಕಿಲ್ಲ!

ಒಂದು ದಿನ ಆ ಕಂಪನಿಯವರು ತಮ್ಮ ಸಾಫ್ಟ್‌ವೇರನ್ನು ಬುಡಸಮೇತ ಹೊಸದಾಗಿ ಬರೆದುಬಿಟ್ಟರು. ರಿಪೇರಿ ಅಲ್ಲ, ಸುಣ್ಣ ಬಣ್ಣ ಅಲ್ಲ. ಹಳೆಯದನ್ನು ಪೂರ್ತಿ ಬದಿಗಿಟ್ಟು ಮೊದಲ ಸಾಲಿನಿಂದ ಬೇರೆಯದೇ ಬರೆದು, ಅದಕ್ಕೆ ಹಳೆಯ ಹೆಸರನ್ನೇ ಇಟ್ಟರು. ಕಾಕಾ ಹೊಸ ಲ್ಯಾಪ್‌ಟಾಪು ಮನೆಗೆ ತಂದ, ಸ್ನಾನ ಮಾಡಿ ಇಸ್ತ್ರಿ ಅಂಗಿ ತೊಟ್ಟ, ಪರದೆಗೆ ಕುಂಕುಮ ಹಚ್ಚಿದ, ಹೊಸ್ತಿಲಲ್ಲಿ ಕಾಯಿ ಒಡೆದ. ಹೊಸ ಸಾಫ್ಟ್‌ವೇರ್ ತೆರೆಯಿತು. ಕಾಕಾ ಪರದೆಯ ನಾಲ್ಕೂ ಮೂಲೆ ಹುಡುಕಿದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ:

"ಯವ್ವಾ, ನನ್ನ ಸಾಮಾನೆಲ್ಲಾ ಎಲ್ಲಿಟ್ಟಾರ?"

ನಿಜವಾಗಿಯೂ ಏನೂ ಇರಲಿಲ್ಲ! ಮೊದಲು ಪರದೆಯಲ್ಲಿ ಎರಡು ಕಿಟಕಿಗಳಿದ್ದವು, ಈಗ ಒಂದೇ. ಮೊದಲು ಚಿತ್ರಕ್ಕೊಂದು ಸಾಲು, ಮಾತಿಗೊಂದು ಸಾಲು, ಹಾಡಿಗೊಂದು ಸಾಲು, ಹೊಲದಲ್ಲಿ ಜೋಳದ ಸಾಲು ಇದ್ದಂತೆ ಬೇರೆ ಬೇರೆ ಇರುತ್ತಿದ್ದವು. ಈಗ ಸಾಲುಗಳೇ ಮಾಯ. ತುಂಡುಗಳೆಲ್ಲ ಅಯಸ್ಕಾಂತ ಹಚ್ಚಿದಂತೆ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ನಡುವಿನದೊಂದು ತೆಗೆದರೆ ಹಿಂದಿನದೆಲ್ಲ ತಾನಾಗಿ ಸರಿದು ಮುಂದೆ ಬರುತ್ತಿತ್ತು. ಕಾಕಾ ಅಭ್ಯಾಸಬಲದಿಂದ ಒಂದು ತುಂಡನ್ನು ಎಳೆದು ಬೇರೆಡೆ ಇಟ್ಟ. ಇಡೀ ಮದುವೆ ಜರುಗಿಹೋಯಿತು!

"ಅರೇ ದೇವಾ! ನವರಿ ಮನಿ ಬಿಟ್ಟ ಹೊಂಟೇ ಇಲ್ಲ, ಇಲ್ಲಿ ತಾಳಿ ಕಟ್ಟಿ ಆತು!" ನವರಿ ಅಂದರೆ ಮದುಮಗಳು.

ಆಮೇಲೆ ಶುರುವಾಯಿತು ಸೇವ್ ಗುಂಡಿಯ ಹುಡುಕಾಟ. ಮೇಲೆ ನೋಡಿದ, ಕೆಳಗೆ ನೋಡಿದ. ಕನ್ನಡಕ ಒರೆಸಿ ಮತ್ತೆ ನೋಡಿದ. ನಾನು ಸೂಚನೆ ಓದಿ ಹೇಳಿದೆ, "ಕಾಕಾ, ಸೇವ್ ಮಾಡೋದ ಬ್ಯಾಡಂತ. ಅದ ತಾನ ಮಾಡ್ಕೋತೈತಂತ."

"ತಾನ ಮಾಡ್ಕೋತೈತಿ? ನಾ ಕೇಳಲಾರದ? ನಾ ತಪ್ಪು ಮಾಡಿದ್ನೂ ಉಳಿಸಿ ಇಡ್ತೈತೇನು?"

"ಹೂಂ, ಎಲ್ಲಾ ಉಳಸ್ತೈತಿ."

"ಹಂಗಾದ್ರ ಅದು ನಿನ್ನ ಕಾಕು ಇದ್ದಂಗ ಐತಿ," ಎಂದ. ಅಡುಗೆ ಮನೆಯಿಂದ ಪಾತ್ರೆ ಬಿದ್ದ ಸದ್ದು ಕೇಳಿತು. ಬಿದ್ದದ್ದೋ, ಒಗೆದದ್ದೋ, ನಾನು ವಿಚಾರಿಸಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮುಂದಿನ ರವಿವಾರ. ಹಳೆಯ ಸಾಫ್ಟ್‌ವೇರಿನಲ್ಲಿ ಮಾಡಿದ ಯಾವ ಕೆಲಸವೂ ಹೊಸದರಲ್ಲಿ ತೆರೆಯುವುದಿಲ್ಲ! ಒಂದಲ್ಲ, ಎರಡಲ್ಲ, ಇಷ್ಟು ವರ್ಷದ ಮದುವೆಗಳೆಲ್ಲ ಬಾಗಿಲ ಹೊರಗೆ. ಕಾಕಾ ಉರಿದುಬಿದ್ದ. ಕಂಪನಿಗೆ ಪತ್ರ ಬರೆಯಲೇಬೇಕು ಎಂದು ನನ್ನನ್ನು ಕೂಡಿಸಿಕೊಂಡು ಹೇಳತೊಡಗಿದ. ನಾನು ಇಂಗ್ಲಿಷಿನಲ್ಲಿ ಬರೆದುಕೊಳ್ಳಬೇಕು.

"ಬರಿ. ಸಾಹೇಬ್ರ, ಮನಿ ದುರುಸ್ತಿ ಮಾಡ್ತೀವಿ ಅಂತ ಬಂದ್ರಿ. ನೆಲಗಟ್ಟು ಸೈತ ಕಿತ್ತು ಹೊಸಾ ಮನಿ ಕಟ್ಟೀರಿ. ಮನಿ ಭಾಳ ಚಂದ ಐತಿ, ಗಾಳಿ ಬೆಳಕು ಚಲೋ ಐತಿ. ಆದ್ರ ಅಡಗಿ ಮನಿ ಎಲ್ಲೈತ್ರಿ? ನಾವು ಬರೇ ಗಾಳಿ ಬೆಳಕ ಉಂಡು ಇರಬೇಕೇನ್ರಿ? ಮತ್ತ ನಮ್ಮ ಹಳೇ ಟ್ರಂಕು ಒಳಗ ಬಿಡೂದಿಲ್ಲ ಅಂದ್ರ ಹೆಂಗ್ರಿ?"

ಕಂಪನಿಯಿಂದ ಎರಡೇ ಸೆಕೆಂಡಿನಲ್ಲಿ ಉತ್ತರ ಬಂತು. ನಿಮ್ಮ ಅಭಿಪ್ರಾಯ ನಮಗೆ ಬಹಳ ಮುಖ್ಯ, ನಿಮ್ಮ ಅನುಭವಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿದ್ದರು.

ಕಾಕಾ ಬೆರಗಾಗಿ ನನ್ನ ಮುಖ ನೋಡಿದ. "ನಂದು ರೋಹಿಣಿ. ಒಬ್ಬ ಮನಷ್ಯಾಗ ಒಂದ ನಕ್ಷತ್ರ ಇರತೈತಿ, ಐದು ಎಲ್ಲಿಂದ ತರ್ಲಿ?"

ಹಾಗೆಂದು ಹೊಸದು ಕೆಟ್ಟದ್ದೇನಲ್ಲ, ನ್ಯಾಯವಾಗಿ ಹೇಳಬೇಕು. ಹಳೆಯದರಲ್ಲಿ ಎರಡು ತುಂಡು ಜೋಡಿಸಿ ಒಂದು ಹೂವಿನ ಚಿತ್ತಾರ ಹಾಕಿದರೆ, ಅದು ಬೇಯುವವರೆಗೆ ಕಾಯಬೇಕಿತ್ತು. ಅದಕ್ಕೆ ರೆಂಡರ್ ಎನ್ನುತ್ತಾರೆ. ಪರದೆಯ ಮೇಲೆ ಒಂದು ಪಟ್ಟಿ ಬಸುರಿಯ ಹಾಗೆ ಮೆಲ್ಲಗೆ ನಡೆಯುತ್ತಿತ್ತು, ಕಾಕಾ ಬಾಗಿಲೆಳೆದುಕೊಂಡು ಮನೆಗೆ ಹೋಗಿ ಚಹಾ ಕುಡಿದು, ಕಾಕುವಿನ ಜೊತೆ ಊರ ಸುದ್ದಿ ಮಾತಾಡಿ ಬರುತ್ತಿದ್ದ. ಹೊಸದರಲ್ಲಿ ಬೇಯುವುದು ಹಿಂದೆ ತಾನಾಗಿ ನಡೆಯುತ್ತದೆ. ಇವನು ಮುಂದಿನ ಕೆಲಸ ಮಾಡುತ್ತಲೇ ಇರಬಹುದು. ನಾನು ಇದನ್ನು ದೊಡ್ಡ ಪ್ರಗತಿ ಎಂದು ಹೊಗಳಿದೆ. ಕಾಕು ಮುಖ ಸಣ್ಣದು ಮಾಡಿಕೊಂಡಳು.

"ಏನ ಪ್ರಗತಿ ತಂದ್ಯವ್ವಾ? ಮೊದಲ ಅದು ದುಡೀತಿತ್ತು, ಇವರು ಮನಿಗೆ ಬರ್ತಿದ್ರು. ಈಗ ಇಬ್ರೂ ಕೂಡೇ ದುಡ್ಯಾಕತ್ತಾರ. ಮೂರ ಸಲ ಚಹಾ ಕಾಸಿದ್ನಿ, ಮೂರೂ ಸಲ ನಾನ ಕುಡದ್ನಿ!"

ನಾಲ್ಕು ತಿಂಗಳು ಹೀಗೇ ಕುಸ್ತಿ ನಡೆಯಿತು. ಒಂದು ದಿನ ಕಾಕಾ ಗೆದ್ದರೆ, ಎರಡು ದಿನ ಸಾಫ್ಟ್‌ವೇರ್ ಗೆಲ್ಲುತ್ತಿತ್ತು. ಕೊನೆಗೆ ಹುಲಜಂತಿ ಕಡೆಯ ಒಂದು ಮದುವೆ ಬಂತು. ಮನೆಯವರು ಕಾಕಾನ ಶೂಟಿಂಗ್ ಸಾಲದೆಂದು ಆರು ಜನರ ಮೊಬೈಲಿನ ವಿಡಿಯೋಗಳನ್ನೂ ತಂದು ಸುರಿದರು. ಒಂದು ನಿಂತದ್ದು, ಒಂದು ಅಡ್ಡ ಬಿದ್ದದ್ದು, ಒಂದಂತೂ ಉದ್ದಕ್ಕೂ ಯಾರದೋ ಹೆಬ್ಬೆರಳು! ಹಳೆಯದಾಗಿದ್ದರೆ ನೋಡಿದ ಕೂಡಲೇ ಮಕಾಡೆ ಬೀಳುತ್ತಿತ್ತು. ಹೊಸದು ಕಮಕ್ ಕಿಮಕ್ ಎನ್ನದೆ ಎಲ್ಲವನ್ನೂ ನುಂಗಿತು. ಮುಖಗಳನ್ನು ಅದೇ ಹುಡುಕಿ ಬೇರೆ ಮಾಡಿತು. ನವರಿ ತವರಿಗೆ ತಿರುಗಿ ಬರುವುದರೊಳಗೆ ವಿಡಿಯೋ ತಯಾರು!

ಅಂದಿನಿಂದ ಕಾಕಾ ಹೊಸ ಮತಕ್ಕೆ ಸೇರಿದವನಂತಾದ. ಚಹಾದಂಗಡಿಯಲ್ಲಿ ನಿಂತು ಯಾರು ಕೇಳಲಿ ಬಿಡಲಿ ಉಪದೇಶ. ಅಷ್ಟಕ್ಕೇ ನಿಲ್ಲದೆ, "ಹಳೇದ ನೋಡಿದ್ರ ನಂಗ ನಾಚಕಿ ಬರ್ತೈತಿ" ಎಂದು ಹಳೆಯ ಕಂಪ್ಯೂಟರನ್ನು, ಸವೆದ ಕೀಬೋರ್ಡ್ ಸಮೇತ, ನಮ್ಮ ಶಾಲೆಗೆ ದಾನ ಕೊಟ್ಟುಬಿಟ್ಟ. ನಾನೂ ಸಂತೋಷದಿಂದ ಒಯ್ದೆ. ಅದರಲ್ಲಿರುವುದನ್ನೆಲ್ಲ ಅಳಿಸಿ, ಮಕ್ಕಳಿಗೆ ಟೈಪಿಂಗ್ ಕಲಿಸಲು ತಯಾರು ಮಾಡಿಸಬೇಕೆಂದು ಹೆಡ್‌ಮಾಸ್ತರರಿಗೆ ಅರ್ಜಿಯನ್ನೂ ಕೊಟ್ಟೆ.

ಇದಾಗಿ ಕೆಲವು ವಾರ ಕಳೆದಿರಬೇಕು. ಒಂದು ರವಿವಾರ ನಾನು ಅಂಗಡಿಯಲ್ಲಿರುವಾಗ ಒಬ್ಬ ಹೆಣ್ಣುಮಗಳು ಬಂದಳು. ಮೂವತ್ತೈದರ ಮೇಲಿನ ವಯಸ್ಸು. ಸೊಲ್ಲಾಪುರದ ಒಂದು ದವಾಖಾನೆಯಲ್ಲಿ ನರ್ಸ್ ಅಂತೆ, ತವರು ಮಂದ್ರೂಪ, ಹೆಸರು ಮಹಾನಂದಾ. ಹದಿನೈದು ವರ್ಷದ ಹಿಂದೆ ಅವಳ ಮದುವೆಯ ವಿಡಿಯೋ ಮಾಡಿದ್ದು ನಮ್ಮ ಕಾಕಾನೇ.

"ಅಣ್ಣಾರ, ಲಗ್ನ ಆಗಿ ಎರಡು ವರ್ಷಕ್ಕ ನಮ್ಮವ್ವ ಹೋದ್ಲ್ರಿ," ಎಂದಳು. "ಫೋಟೋ ಅದಾವ. ಆಕಿ ಸೀರಿ ಅದಾವ. ಧ್ವನಿ ಒಂದ ಇಲ್ರಿ. ಆಗ ನಮ್ಮ ಹಂತ್ಯಾಕ ಇಂಥಾ ಮೊಬೈಲ್ ಇದ್ದಿಲ್ಲ. ನನಗ ಆಕಿ ಹೆಂಗ ಮಾತಾಡ್ತಿದ್ಲು ಅನ್ನೋದ ಮರತ ಹೊಂಟೈತ್ರಿ. ನಿಮ್ಮ ವಿಡಿಯೋದಾಗ ಇರಬೇಕಲ್ರಿ?"

ಮೊಬೈಲಿನಲ್ಲಿ ತನ್ನ ಮದುವೆಯ ವಿಡಿಯೋ ತೆಗೆದು ತೋರಿಸಿದಳು. ಹಸಿರು ಇಳಕಲ್ ಸೀರೆಯುಟ್ಟ ಗಟ್ಟಿಮುಟ್ಟು ಹೆಂಗಸೊಬ್ಬಳು ಊಟದ ಪಂಕ್ತಿಯಲ್ಲಿ ಓಡಾಡುತ್ತ ಎಲ್ಲರನ್ನೂ ವಿಚಾರಿಸುತ್ತಿದ್ದಳು. ಆದರೆ ಅವಳು ಬಾಯಿ ತೆರೆದಾಗಲೆಲ್ಲ ಯಾವಳೋ ಗಾಯಕಿ ಹಾಡುತ್ತಿದ್ದಳು! ನನಗೆ ತಡೆಯಲಾರದಷ್ಟು ನಗು ಬಂತು. ಮಹಾನಂದಾಳ ಮುಖ ನೋಡಿ ನಗು ಅಲ್ಲೇ ಒಣಗಿತು.

ಹಾಡಿಲ್ಲದ ವಿಡಿಯೋ ಎಂದರೆ ಚಟ್ನಿ ಹಿಂಡಿ ಇಲ್ಲದ ರೊಟ್ಟಿ ಎಂಬುದು ಕಾಕಾನ ಸಿದ್ಧಾಂತ. ಮಂತ್ರಕ್ಕೆ ಹಾಡು, ಊಟಕ್ಕೆ ಹಾಡು, ಅಳುವಿಗೆ ಎರಡು ಹಾಡು. ಜನರ ಮಾತನ್ನೆಲ್ಲ ಗದ್ದಲವೆಂದು ತಿಳಿದು ಪೂರಾ ಮುಚ್ಚಿಬಿಡುತ್ತಿದ್ದ. ಕಾಕಾ ಮೊಬೈಲನ್ನು ತಿರುಗಿ ಕೊಟ್ಟ.

"ಆ ಕ್ಯಾಸೆಟ್ ಮ್ಯಾಲ ಮುಂದ ಬ್ಯಾರೆ ಲಗ್ನ ತಗದೀನಿ ತಂಗಿ. ಆದ್ರ ಎಲ್ಲಾ ಡಿಸ್ಕಿನೊಳಗ ಹಾಕಿಟ್ಟೀನಿ. ಹಾಡಿನ ಸಾಲು ಬ್ಯಾರೆ, ಮಾತಿನ ಸಾಲು ಬ್ಯಾರೆ ಇರತೈತಿ. ಹಾಡು ಬಂದ್ ಮಾಡಿದ್ರ ಕೆಳಗ ಮಾತು ಇದ್ದ ಇರತೈತಿ."

ಹೇಳುತ್ತ ಹೇಳುತ್ತ ತಡೆದ. ನನ್ನ ಕಡೆ ತಿರುಗಿದ. ಆ ಸಾಲುಗಳು ತೆರೆಯುವುದು ಹಳೆಯ ಸಾಫ್ಟ್‌ವೇರಿನಲ್ಲಿ ಮಾತ್ರ. ಹಳೆಯದನ್ನು ಕಂಪನಿ ಈಗ ಕೊಡುವುದಿಲ್ಲ. ಅದು ಇದ್ದದ್ದು ಒಂದೇ ಕಂಪ್ಯೂಟರಿನಲ್ಲಿ. ಆ ಕಂಪ್ಯೂಟರು ಇದ್ದದ್ದು ನಮ್ಮ ಶಾಲೆಯಲ್ಲಿ. ಅದನ್ನು ಅಳಿಸಿಹಾಕಿ ಎಂದು ಅರ್ಜಿ ಕೊಟ್ಟವಳು ನಾನು!

"ಡಿಸ್ಕಿನೊಳಗಿನ ತುಂಡು ಹಂಗ ನೋಡಾಕ ಬರೂದಿಲ್ಲೇನು ಕಾಕಾ?" ಎಂದೆ, ಅಳು ಬಂದ ದನಿಯಲ್ಲಿ.

"ಬರ್ತೈತಿ. ಆದ್ರ ಎಲ್ಲಾದಕ್ಕೂ 'ಲಗ್ನ' ಅಂತ ಹೆಸರ ಇಟ್ಟೀನಿ. ಲಗ್ನ ಒಂದು, ಲಗ್ನ ಎರಡು... ಹಂಗ ಎಷ್ಟ ಸಾವಿರ ಅದಾವೋ. ಯಾವ ತುಂಡು ಯಾರ ಮನೀದು ಅನ್ನೋದು ಹಳೇ ಸಾಫ್ಟ್‌ವೇರಿಗೆ ಅಷ್ಟ ಗೊತ್ತು."

ಹೆಡ್‌ಮಾಸ್ತರರಿಗೆ ಫೋನ್ ಹಚ್ಚಿದೆ.

"ಸರ್, ಆ ಕಂಪ್ಯೂಟರ್ ಅಳಸೋ ಅರ್ಜಿ ಏನಾತ್ರಿ?"

"ಟೀಚರ್ ಬಾಯಿಯವರ, ಸಿಟ್ಟಾಗಬ್ಯಾಡ್ರಿ. ಈ ವಾರ ಪಕ್ಕಾ ಸಹಿ ಮಾಡ್ತೀನಿ. ಅರ್ಜಿ ನನ್ನ ಟೇಬಲ್ ಮ್ಯಾಲ ಬಿದ್ದೈತಿ, ಇನ್ನೂ ಒಡದ ನೋಡಿಲ್ಲ."

ನಮ್ಮ ಹೆಡ್‌ಮಾಸ್ತರರ ನಿಧಾನಕ್ಕೆ ನಾನು ಎಷ್ಟು ಸಲ ಹಲ್ಲು ಕಡಿದಿಲ್ಲ! ಅವತ್ತು ಫೋನಿನಲ್ಲೇ ಕಾಲಿಗೆ ಬೀಳುವಂತಾಯಿತು.

ಮರುದಿನ ಕಾಕಾ ಎಸ್.ಟಿ. ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಬಂದ. ಹೆಗಲಲ್ಲಿ ಹೊಸ ಲ್ಯಾಪ್‌ಟಾಪು, ತೊಡೆಯ ಮೇಲೆ ಶಂಕರಪಾಳಿ ತಿಂಡಿಯ ದೊಡ್ಡ ಡಬ್ಬಿ. ಹಳೆಯ ಡಿಸ್ಕುಗಳನ್ನೆಲ್ಲ ಕಾಕು ಅದರಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಳು. ಬಸ್ಸು ಕುಲುಕಿದಾಗಲೆಲ್ಲ ಡಬ್ಬಿ ಹಿಡಿದುಕೊಳ್ಳುವುದನ್ನು ನೋಡಿ ಕಂಡಕ್ಟರ್, "ಏನೈತ್ರಿ ಒಳಗ, ಫರಾಳ?" ಎಂದು ಕೇಳಿದನಂತೆ.

"ಲಗ್ನ ಅದಾವ್ರಿ. ಮುನ್ನೂರು," ಎಂದನಂತೆ ಕಾಕಾ. ಕಂಡಕ್ಟರ್ ಮತ್ತೆ ಆ ಸೀಟಿನ ಕಡೆ ಬರಲಿಲ್ಲ.

ಮಧ್ಯಾಹ್ನದ ಊಟದ ಸುಟ್ಟಿಯಲ್ಲಿ ಮಹಾನಂದಾ ಡ್ಯೂಟಿಯಿಂದ ನೇರ ನಮ್ಮ ಸ್ಟಾಫ್ ರೂಮಿಗೆ ಬಂದಳು. ಹಳೆಯ ಕಂಪ್ಯೂಟರು ಗುರುಗುಟ್ಟಿ, ಕೆಮ್ಮಿ, ಕೊನೆಗೆ ಎದ್ದಿತು. ಈಗ ಬೇರೆ ಫಜೀತಿ! ನಾಲ್ಕು ತಿಂಗಳ ಕುಸ್ತಿಯಲ್ಲಿ ಕಾಕಾನ ಬೆರಳುಗಳು ಹೊಸ ಪಾಠ ಕಲಿತುಬಿಟ್ಟಿದ್ದವು. ಒಂದು ಒತ್ತಲು ಹೋಗಿ ಇನ್ನೊಂದು ಒತ್ತಿದ. ಗುಂಡಿಗಳ ಮೇಲೆ ಅಕ್ಷರವಾದರೂ ಇದೆಯೇ ನೋಡಿಕೊಳ್ಳಲು? ಅವನು ಕಣ್ಣು ಮುಚ್ಚಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, "ಶಿವಾ" ಎಂದ. ಆಮೇಲೆ ಎಡಗೈ ತಾನಾಗಿ ಮೇಲೆದ್ದು ಗುಂಡಿಗಳ ಮೇಲೆ ಕೂತಿತು. ಮಂದ್ರೂಪದ ಮದುವೆ ತೆರೆಯಿತು. ಸಾಲು ಸಾಲಾಗಿ.

ಕಾಕಾ ಹಾಡಿನ ಸಾಲನ್ನು ಬಂದ್ ಮಾಡಿದ. ಮಾತಿನ ಸಾಲನ್ನು ತೆರೆದ. ಬರೀ ಗದ್ದಲ! ಬ್ಯಾಂಡು, ಪಾತ್ರೆ, ಜನರೇಟರ್. ಒಳಗೆಲ್ಲೋ ಹೆಣ್ಣು ದನಿಯೊಂದು ಮುಳುಗಿ ಏಳುತ್ತಿತ್ತು, ಒಂದಕ್ಷರವೂ ತಿಳಿಯುವಂತಿರಲಿಲ್ಲ. ಮಹಾನಂದಾ ಕುರ್ಚಿಯ ತುದಿಗೆ ಬಂದಳು. ಹಳೆಯದರ ಕೈಯಲ್ಲಿ ಆಗುವುದು ಅಲ್ಲಿಗೇ ಮುಗಿದಿತ್ತು. ಕಾಕಾ ಅಷ್ಟು ತುಂಡನ್ನು ಹೊರತೆಗೆದು ಲ್ಯಾಪ್‌ಟಾಪಿಗೆ ಹಾಕಿದ. ಮಾತನ್ನು ಗದ್ದಲದಿಂದ ಬೇರೆ ಮಾಡುವ ಒಂದು ಸೌಲಭ್ಯ ಹೊಸದರಲ್ಲಿತ್ತು. ಅದನ್ನು ಒತ್ತಿದ.

ಬ್ಯಾಂಡು ದೂರ ಹೋಯಿತು. ಪಾತ್ರೆಗಳು ದೂರ ಹೋದವು. ಹಸಿರು ಸೀರೆಯ ಹೆಂಗಸು ಕೈಯಲ್ಲಿ ಹುಗ್ಗಿಯ ಪಾತ್ರೆ ಹಿಡಿದು ನೇರ ಕ್ಯಾಮೆರಾದ ಮುಂದೆ ಬಂದು ನಿಂತಳು. ಕ್ಯಾಮೆರಾವನ್ನೇ ನೋಡಿದಳು. ಸ್ವಲ್ಪ ಒಡಕು ದನಿ.

"ತಮ್ಮಾ, ಮುಂಜಾನಿಂದ ನಿಂತ ನಿಂತೀಯಲ್ಲೋ. ನೀ ಉಂಡ್ಯೇನು?"

ಅದಕ್ಕೆ ಉತ್ತರವಾಗಿ ಕ್ಯಾಮೆರಾದ ಹಿಂದಿನಿಂದ ಒಂದು ಗಂಡು ದನಿ, ಅವಸರದಲ್ಲಿ: "ಆತ್ರಿ ಅವ್ವಾರ, ಉಂಡೀನಿ. ಜರಾ ಸರೀರಿ, ಫ್ರೇಮಿನಾಗ ಬಂದೀರಿ."

ಅದು ನಮ್ಮ ಕಾಕಾನ ದನಿ. ಹದಿನೈದು ವರ್ಷ ಚಿಕ್ಕದು.

ಆಕೆ "ಹೌದೇನು" ಎಂದು ನಕ್ಕು ಪಕ್ಕಕ್ಕೆ ಸರಿದಳು. ಸರಿಯುತ್ತ ಹಿಂದಿರುಗಿ, "ಮಾನೀ, ಆ ತಮ್ಮಗ ನೀರರ ಕೊಡಸ ಯಾರ್ಗರ ಹೇಳಿ" ಎಂದಳು. ತುಂಡು ಮುಗಿಯಿತು.

ಮಹಾನಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಮಾನಿ ಅಂತ ಕರೀತಿದ್ಲ್ರಿ ನನ್ನ," ಎಂದಳು. "ಹಿಂಗ, ಹಿಂಗ ಕರೀತಿದ್ಲು."

ಕಾಕಾ ಅವಳ ಕಡೆ ನೋಡಲಿಲ್ಲ. ಪರದೆಯ ಮೇಲೆ ನಿಂತುಹೋದ ಹಸಿರು ಸೀರೆಯ ಅಂಚನ್ನೇ ನೋಡುತ್ತಿದ್ದ. "ಇಡೀ ಲಗ್ನದಾಗ ನನ್ನ ಕೂಡ ಮಾತಾಡಿದಾಕಿ ಆಕಿ ಒಬ್ಬಾಕಿನ," ಎಂದ ಮೆಲ್ಲಗೆ. "ಅದರ ಮ್ಯಾಲ ನಾ ಹಾಡು ಹಚ್ಚಿಬಿಟ್ಟಿದ್ನಿ."

"ಇನ್ನೊಮ್ಮಿ ಹಚ್ರಿ ಅಣ್ಣಾರ," ಎಂದಳು ಮಹಾನಂದಾ.

ಕಾಕಾ ಮತ್ತೆ ಹಚ್ಚಿದ. ಆಕೆ ಹುಗ್ಗಿಯ ಪಾತ್ರೆ ಹಿಡಿದು ಮತ್ತೆ ಬಂದಳು, ಮತ್ತೆ ನಿಂತಳು, ಮತ್ತೆ ಕೇಳಿದಳು.

"ತಮ್ಮಾ, ನೀ ಉಂಡ್ಯೇನು?"

"ಇಲ್ಲವ್ವಾ," ಎಂದ ಕಾಕಾ, ಲ್ಯಾಪ್‌ಟಾಪಿನೊಳಗಿನ ತನ್ನ ದನಿಗಿಂತ ಮೊದಲೇ. "ಇನ್ನೂ ಉಂಡಿಲ್ಲ."